ಗಂಧದ ಮರವೂ ಒಬ್ಬ ರಸಾಯನ ಪ್ರಾಧ್ಯಾಪಕರೂ



ಶತಮಾನೋತ್ಸವದ ಈ ಸಭೆಯಲ್ಲಿ ರಸಾಯನ ಶಾಸ್ತ್ರದ ಮಾತೇಕೆ ಎಂದು ತಾವು ಕೇಳಬಹುದು. ನಾವು ಹೇಳಹೊರಟಿರುವುದು ನಮ್ಮ ಸೀಮೆಯ ಒಂದು ಮರವನ್ನು ಕುರಿತು. ಆ ಮರದ ನೆಪದಲ್ಲಿ ಒಬ್ಬ ಗುರುವನ್ನು ಕುರಿತು.

ಕಡೂರು ಎಂಬುದು 1947ರವರೆಗೆ ಇಡೀ ಜಿಲ್ಲೆಯ ಹೆಸರಾಗಿತ್ತು. ಆ ಜಿಲ್ಲೆಯ ಕಾಡುಗಳಲ್ಲಿ ಬೆಳೆದ ಶ್ರೀಗಂಧ ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ದೊಡ್ಡ ಆದಾಯ. ಮರವನ್ನು ಕೊರಡಾಗಿಯೇ ಹರಾಜು ಹಾಕುತ್ತಿದ್ದರು. ಬಹುಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಹೊತ್ತಿಕೊಂಡಿತು, ಕೊಳ್ಳುವವರು ಇಲ್ಲವಾದರು.

ಆಗ ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದಲ್ಲಿ ಜಾನ್ ಜೋಸೆಫ್ ಸಡ್‌ಬರೋ ಎಂಬ ಆಂಗ್ಲ ವಿದ್ವಾಂಸರು ಸಾವಯವ ರಸಾಯನ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ವೇಲ್ಸ್ ದೇಶದ ಅಬರಿಸ್ಟ್ವಿತ್ ಕಾಲೇಜಿನಲ್ಲಿ ಹತ್ತು ವರ್ಷ ಪಾಠ ಹೇಳಿ, ಮಂದಿರದ ಬಾಗಿಲು ತೆರೆದ 1911ರಲ್ಲೇ ಬಂದವರು. ಯೌವನದಲ್ಲಿ ಅವರು ಕಲಿತದ್ದು ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ, ವಿಕ್ಟರ್ ಮೇಯರ್ ಎಂಬ ಮಹಾಗುರುವಿನ ಬಳಿ. ಜರ್ಮನರು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಮಾಡಿ ತೋರಿಸಲು ಆ ಜರ್ಮನ್ ವಿದ್ಯೆಯೇ ಒದಗಿಬಂದದ್ದು ವಿಚಿತ್ರವೇ ಸರಿ!

ಸಡ್‌ಬರೋ ಮತ್ತು ಅವರ ಸಹೋದ್ಯೋಗಿ ವಾಟ್ಸನ್ ಗಂಧದ ಪುಡಿಯ ಮೇಲೆ ಹಬೆ ಹಾಯಿಸಿದರು. ಎಣ್ಣೆ ತಾನಾಗಿ ಕುದಿಯಬೇಕಾದರೆ ನೀರಿನ ಎರಡರಷ್ಟಕ್ಕಿಂತ ಹೆಚ್ಚು ಕಾವು ಬೇಕು. ಹಬೆಯ ಜೊತೆಯಾದರೆ ನೂರು ಡಿಗ್ರಿಯ ಆಸುಪಾಸಿನಲ್ಲೇ ಹೊರಟು, ತಣಿದ ಮೇಲೆ ನೀರಿನ ಮೇಲೆ ತೇಲುತ್ತದೆ. ಇಷ್ಟು ಯಾವ ಅತ್ತರಿನವನಿಗೂ ಗೊತ್ತು. ಕಷ್ಟವಿದ್ದದ್ದು ಎಣ್ಣೆ ಎಷ್ಟು ಶುದ್ಧವೆಂದು ಪರದೇಶದ ವರ್ತಕನಿಗೆ ಲೆಕ್ಕದಲ್ಲಿ ತೋರಿಸುವುದರಲ್ಲಿ. ಒಳ್ಳೆಯ ಎಣ್ಣೆಯಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ಸ್ಯಾಂಟಲಾಲ್ ಇರಬೇಕು. ಅದನ್ನು ಅಸಿಟಿಕ್ ಅನ್‌ಹೈಡ್ರೈಡಿನೊಡನೆ ಕೂಡಿಸಿ ಎಸ್ಟರ್ ಮಾಡಿ, ಆ ಎಸ್ಟರನ್ನು ಕ್ಷಾರದಿಂದ ಒಡೆದು, ಹಿಡಿದ ಕ್ಷಾರವೆಷ್ಟೆಂದು ಅಳೆಯುತ್ತಾರೆ. ಸಡ್‌ಬರೋ ಹೈಡೆಲ್‌ಬರ್ಗಿನಲ್ಲಿ ಗುರುವಿನೊಡನೆ ಶೋಧಿಸಿದ್ದೂ ಎಸ್ಟರುಗಳನ್ನೇ: ಕೆಲವು ಆಮ್ಲಗಳು ಏಕೆ ಎಸ್ಟರಾಗಲು ಒಲ್ಲೆನ್ನುತ್ತವೆ ಎಂಬುದನ್ನು. ಯಾವ ವ್ಯಾಪಾರಕ್ಕೂ ಬೇಡವೆನಿಸಿದ್ದ ಪ್ರಶ್ನೆ ಅದು.

1916ರಲ್ಲಿ ಬೆಂಗಳೂರಿನಲ್ಲಿ ಸಣ್ಣ ಕಾರ್ಖಾನೆ ಆರಂಭವಾಯಿತು. ಆಮೇಲೆ ಮೈಸೂರಿನಲ್ಲಿ ದೊಡ್ಡದು, 1944ರಲ್ಲಿ ಶಿವಮೊಗ್ಗದಲ್ಲಿ ಇನ್ನೊಂದು. ಕೀರ್ತಿಯೆಲ್ಲ ಇವರೊಬ್ಬರದೆಂದು ನಾವು ಹೇಳಲಾರೆವು; ದಿವಾನ್ ವಿಶ್ವೇಶ್ವರಯ್ಯನವರ ಹಟವಿಲ್ಲದಿದ್ದರೆ ಆ ಎಣ್ಣೆ ಪ್ರಯೋಗಶಾಲೆಯ ಸೀಸೆಯಲ್ಲೇ ಉಳಿಯುತ್ತಿತ್ತು. ಸಡ್‌ಬರೋ 1925ರವರೆಗೆ ಪಾಠ ಹೇಳಿದರು. ಬರ್ನ್‌ಥ್ಸೆನ್ನರ ಪಠ್ಯಪುಸ್ತಕವನ್ನು ಅವರು ಪರಿಷ್ಕರಿಸಿದ್ದರು. ಅವರ ಪೀಠಕ್ಕೆ ಬಂದ ಸೈಮನ್‌ಸೆನ್ ಕೂಡ ಮರಗಳ ಎಣ್ಣೆಗಳಲ್ಲೇ ಹೆಸರಾದವರು.

ಒಂದು ಮಾತನ್ನು ನಾವು ಮುಚ್ಚಿಡಬಾರದು. ಎಣ್ಣೆಯ ಬೆಲೆ ಏರಿದರೂ ಮರ ರೈತನದಾಗಲಿಲ್ಲ. ಅವನ ಹೊಲದ ಬೇಲಿಯಲ್ಲಿ ಹುಟ್ಟಿದರೂ ಗಂಧ ಸರ್ಕಾರದ್ದೇ. ಮರ ಕಾಣೆಯಾದರೆ ಉತ್ತರ ಹೇಳಬೇಕಾದವನು ಮಾತ್ರ ಅವನು. ಆ ಭಯಕ್ಕೆ ಸಸಿಯಿರುವಾಗಲೇ ಕಿತ್ತೆಸೆದವರುಂಟು. ಪ್ರಾಧ್ಯಾಪಕರ ಲೆಕ್ಕದಲ್ಲಿ ಇದು ಬಂದಿರಲಾರದು. ಬರಬೇಕಾದವರ ಲೆಕ್ಕದಲ್ಲೂ ಬಹುಕಾಲ ಬರಲಿಲ್ಲ. 2001ರಲ್ಲಿ ಕಾನೂನು ತಿದ್ದುಪಡಿಯಾಗಿ, ಹೊಲದ ಗಂಧಕ್ಕೆ ಹೊಲದೊಡೆಯನೇ ಒಡೆಯನಾದನು. ಕಾರ್ಖಾನೆ ಆರಂಭವಾಗಿ ಅಷ್ಟರಲ್ಲಿ ಎಂಬತ್ತೈದು ವರ್ಷಗಳಾಗಿದ್ದವು.