ಕಾರಿನ ಮೂಗು ಮುಚ್ಚಿದ ಕಥೆ

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



‘ನಿನ್ನ ಓದಿಗೆ ಸಂಬಂಧಿಸಿದ ವಿಷಯದ ಮೇಲೆ ಹತ್ತು ನಿಮಿಷ ಮಾತಾಡು’ ಎಂದು ವೇದಿಕೆಯ ಹಿರಿಯರು ಹೇಳಿದರು. ನಾನು ಎಂ.ಟೆಕ್. ಓದಿ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವಳು. ಆ ಕೆಲಸದ ಬಗ್ಗೆ ಮಾತಾಡಿದರೆ ಐದನೇ ನಿಮಿಷಕ್ಕೆ ಎಲ್ಲರ ಕಣ್ಣೂ ಚಹಾದ ಕಡೆ ಹೋಗುತ್ತವೆ. ಅದಕ್ಕೇ ಇವತ್ತು, ಓದಿದ್ದೂ ನಾನು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಇಡುತ್ತೇನೆ.

ನನ್ನ ತವರು ಧಾರವಾಡ. ಪುಣೆಯಿಂದ 400 ಕಿಲೋಮೀಟರಿಗೂ ಹೆಚ್ಚು. ವರ್ಷಕ್ಕೆ ಐದಾರು ಸಲ ನಾನೇ ಕಾರು ಓಡಿಸಿಕೊಂಡು ಹೋಗಿಬರುತ್ತೇನೆ. ಪೆಟ್ರೋಲಿನ ದರ ಲೀಟರಿಗೆ 100 ರೂಪಾಯಿ ದಾಟಿದ ಮೇಲೆ ಮೈಲೇಜಿನ ಲೆಕ್ಕ ಇಡುವ ಚಟ ಹತ್ತಿತು. ಆಗ ತಿಳಿದದ್ದು ಗ್ರಿಲ್ ಮುಚ್ಚುವ ಉಪಾಯ. ಕಾರಿನ ಮುಂದೆ ಜಾಲರಿ ಇರುತ್ತದಲ್ಲ, ಅದರೊಳಗೆ ನುಗ್ಗುವ ಗಾಳಿ ರೇಡಿಯೇಟರಿಗೆ, ಎಂಜಿನ್ನಿಗೆ ತಾಕಿ, ಚದುರಿ, ಕೆಳಗಿನಿಂದ ಹೊರಬೀಳುತ್ತದೆ. ಅದೂ ಕಾರನ್ನು ಹಿಂದಕ್ಕೆ ಹಿಡಿಯುವ ಒಂದು ತಡೆ. ಜಾಲರಿಯ ಸ್ವಲ್ಪ ಭಾಗ ಮುಚ್ಚಿದರೆ ಗಾಳಿ ಮೇಲಿನಿಂದ ನುಣ್ಣಗೆ ಜಾರಿಹೋಗುತ್ತದೆ, ಪೆಟ್ರೋಲ್ ಉಳಿಯುತ್ತದೆ. ಉಪಾಯ ಸುಳ್ಳಲ್ಲ. ಕೆನಡಾದಂಥ ಚಳಿ ದೇಶಗಳಲ್ಲಿ ಎಂಜಿನ್ ಬೆಚ್ಚಗಿರಲಿ ಎಂದು ಲಾರಿಗಳ ಮುಂದೆ ಚಳಿಗಾಲದಲ್ಲಿ ಹೊದಿಕೆ ಕಟ್ಟುತ್ತಾರೆ.

ಡಿಸೆಂಬರಿನ ಒಂದು ಶನಿವಾರ ನಾನೂ ಕೂತೆ. ಮಗಳ ಶಾಲೆಯ ಪ್ರಾಜೆಕ್ಟಿಗೆ ತಂದು ಉಳಿದಿದ್ದ ಕಪ್ಪು ಪ್ಲಾಸ್ಟಿಕ್ ಶೀಟು, ಒಳಗೆ ಕೊಳವೆ ಕೊಳವೆಯಾಗಿರುತ್ತದಲ್ಲ, ಅದು. ಹಳೆಯ ಪೇಪರಿನಲ್ಲಿ ಅಳತೆ ತೆಗೆದು, ಕುಪ್ಪಸಕ್ಕೆ ಕತ್ತರಿಸಿದ ಹಾಗೆ ಕತ್ತರಿಸಿ, ಜಾಲರಿಯ ಮುಕ್ಕಾಲು ಭಾಗಕ್ಕೆ ಪ್ಲಾಸ್ಟಿಕ್ ಟೈಗಳಿಂದ ಬಿಗಿದೆ. ಖರ್ಚು ಹೆಚ್ಚುಕಡಿಮೆ ಏನೂ ಇಲ್ಲ. ಮೊದಲು ಲೀಟರಿಗೆ 17.6 ಕಿಲೋಮೀಟರ್ ಬರುತ್ತಿದ್ದದ್ದು ಧಾರವಾಡದ ಆ ಪ್ರಯಾಣದಲ್ಲಿ 18.7 ಬಂತು. ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ನಿಮ್ಮಲ್ಲಿ ಇಬ್ಬರು ಅಕ್ಕಂದಿರು ‘ನಮಗೂ ಒಂದು ಮಾಡಿಕೊಡು’ ಅಂದದ್ದು ನೆನಪಿದೆ. ಪುಣ್ಯಕ್ಕೆ ನನಗೆ ಪುರುಸೊತ್ತಾಗಲಿಲ್ಲ.

ಚಳಿಗಾಲ ಮುಗಿಯಿತು. ಮುಚ್ಚಳ ಹಾಗೇ ಉಳಿಯಿತು. ಮೇ ತಿಂಗಳಲ್ಲಿ ಅವ್ವನನ್ನು ಊರಿಗೆ ಬಿಡಲು ಹೊರಟೆ. ಅವಳಿಗೆ ಎಪ್ಪತ್ತರ ಮೇಲೆ ವಯಸ್ಸು, ಬಿ.ಪಿ. ಬೇರೆ. ಹೊರಡುವುದು ತಡವಾಗಿ ಬಿಸಿಲೇರಿತ್ತು. ಎ.ಸಿ. ಹಾಕಿದ್ದೆ. ಸಾತಾರಾಕ್ಕಿಂತ ಮೊದಲು ಖಂಬಾಟಕಿ ಘಾಟ್ ಬರುತ್ತದೆ, ನಿಮಗೆಲ್ಲ ಗೊತ್ತು. ಮುಂದೆ ಲಾರಿಗಳ ಸಾಲು, ನಾವು ಎರಡನೇ ಗೇರಿನಲ್ಲಿ. ನಮ್ಮ ಕಾರಿನಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳಿಲ್ಲ, ಕೈಮೀರಿದಾಗ ಹತ್ತುವ ಕೆಂಪು ದೀಪ ಮಾತ್ರ. ಆದರೆ ಲೆಕ್ಕದ ಚಟಕ್ಕೆ ಸ್ಟೇರಿಂಗಿನ ಕೆಳಗೆ ಒಂದು ಸಣ್ಣ ಸಾಧನ ಸಿಕ್ಕಿಸಿದ್ದೆ, ಬಿಸಿ ಎಷ್ಟೆಂದು ಮೊಬೈಲಿನಲ್ಲಿ ಬರುತ್ತಿತ್ತು. ಮೊಬೈಲ್ ಅವ್ವನ ಕೈಯಲ್ಲಿತ್ತು. ಯಾವಾಗಲೂ 90ರ ಆಸುಪಾಸು ಇರುವ ಅಂಕಿ ಏರತೊಡಗಿತು.

“ನೂರಾ ಎರಡು ಆತು. ನೂರಾ ನಾಕು. ಯಾರಿಗವಾ ಇಷ್ಟು ಜ್ವರಾ?” ಅಂದಳು ಅವ್ವ.

ನನ್ನ ಎದೆ ಧಸಕ್ಕೆಂದಿತು. ಎ.ಸಿ. ಆರಿಸಿ ಹೀಟರನ್ನು ಪೂರ್ತಿ ಹಚ್ಚಿದೆ. ಎಂಜಿನ್ನಿನ ಬಿಸಿಯನ್ನು ಸ್ವಲ್ಪವಾದರೂ ಒಳಗೆಳೆಯಲು ಅದೊಂದೇ ದಾರಿ. “ಮೇ ತಿಂಗಳದಾಗ ಬಿಸಿಗಾಳಿ ಹಚ್ಚೀಯಲ್ಲ, ತಲಿ ಕೆಟ್ಟದೇನ?” ಎಂದು ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಜಾಗ ಅಗಲವಾಗಿದ್ದಲ್ಲಿ ನಿಲ್ಲಿಸುವಾಗ ಅಂಕಿ 108. ಅವಳ ಮುಖ ಕೆಂಪೇರಿತ್ತು, ನನ್ನ ಕೈ ನಡುಗುತ್ತಿತ್ತು. ಮೊದಲು ಅವಳನ್ನು ಇಳಿಸಿ ನೆರಳಿಗೆ ಕೂರಿಸಿ ನೀರು ಕೊಟ್ಟೆ. ಆಮೇಲೆ ಬಾನೆಟ್ ಎತ್ತಿಟ್ಟೆ. ರೇಡಿಯೇಟರಿನ ಮುಚ್ಚಳ ಮುಟ್ಟಲಿಲ್ಲ. ಬಿಸಿಯಿದ್ದಾಗ ಅದನ್ನು ತೆಗೆದರೆ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ, ದಯವಿಟ್ಟು ಎಲ್ಲರೂ ನೆನಪಿಡಿ.

ಪ್ಲಾಸ್ಟಿಕ್ ಟೈ ಕೊಯ್ಯಲು ಕಾರಿನಲ್ಲಿ ಕತ್ತರಿ ಇಲ್ಲ, ಚಾಕು ಇಲ್ಲ. ಅವ್ವ ಎಲಿಅಡಿಕಿ ಸಂಚಿಯಿಂದ ಅಡಕೊತ್ತು ತೆಗೆದುಕೊಟ್ಟಳು. ಕಟಕ್ ಕಟಕ್ ಎಂದು ನಾಲ್ಕೂ ಟೈ ತುಂಡಾದವು. ಮುಚ್ಚಳವನ್ನು ಕೈಯಲ್ಲಿ ಹಿಡಿದು ಅವ್ವ ಕೇಳಿದಳು: “ಮೂಗು ಮುಚ್ಚಿ ಗುಡ್ಡಾ ಹತ್ತು ಅಂದ್ರ ಯಾರು ಹತ್ತತಾರವಾ?”

ಎಂ.ಟೆಕ್.ನವಳ ಹತ್ತಿರ ಉತ್ತರವಿರಲಿಲ್ಲ.

ಅವ್ವ ಹೇಳಿದ್ದನ್ನೇ ಲೆಕ್ಕದ ಭಾಷೆಯಲ್ಲಿ ಹೇಳುತ್ತೇನೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 50ರಲ್ಲಿ ಇದ್ದದ್ದು 100ರಲ್ಲಿ ನಾಲ್ಕು ಪಟ್ಟು. ಹಾಗಾಗಿ ಗ್ರಿಲ್ ಮುಚ್ಚಿದ ಲಾಭ ಸಿಗುವುದಿದ್ದರೆ ಹೈವೇ ವೇಗದಲ್ಲಿ. ಅಲ್ಲೂ ಒಟ್ಟು ತಡೆಯಲ್ಲಿ ಜಾಲರಿಯದು ಸಣ್ಣ ಪಾಲು. ಘಾಟಿನಲ್ಲಿ, ಊರಿನ ಟ್ರಾಫಿಕ್ಕಿನಲ್ಲಿ ವೇಗವಿಲ್ಲ, ಲಾಭವೂ ಇಲ್ಲ. ಆದರೆ ಏರು ಹತ್ತುವ ಎಂಜಿನ್ ಹೆಚ್ಚು ಕಾಯುತ್ತದೆ, ಫ್ಯಾನ್ ಅದೇ ಜಾಲರಿಯಿಂದಲೇ ಗಾಳಿ ಎಳೆಯಬೇಕು. ರೇಡಿಯೇಟರಿನ ಮುಂದೆ ಎ.ಸಿ.ಯ ಕಂಡೆನ್ಸರ್ ಇರುತ್ತದೆ, ಅದಕ್ಕೂ ಗಾಳಿ ಸಿಗದಿದ್ದರೆ ಕಂಪ್ರೆಸರ್ ಹೆಚ್ಚು ದುಡಿದು ಇನ್ನಷ್ಟು ಪೆಟ್ರೋಲ್ ಕುಡಿಯುತ್ತದೆ. ಕೆಲವು ಕಾರುಗಳಲ್ಲಿ ಕಂಪನಿಯವರೇ ಗ್ರಿಲ್ ಹಿಂದೆ ತೆರೆದು ಮುಚ್ಚುವ ಪಟ್ಟಿಗಳನ್ನು ಕೂರಿಸಿರುತ್ತಾರೆ. ಎಂಜಿನ್ ಕಾದರೆ ಅವು ತಾವೇ ತೆರೆದುಕೊಳ್ಳುತ್ತವೆ. ಮುಚ್ಚುವುದು ಯಾರಿಗೂ ಬರುತ್ತದೆ. ಬೇಕಾದಾಗ ತೆರೆಯುವುದೇ ಎಂಜಿನಿಯರಿಂಗ್. ನಾನು ಅರ್ಧ ಮಾತ್ರ ಮಾಡಿದ್ದೆ.

ಹಾಗಾದರೆ 18.7 ಎಲ್ಲಿಂದ ಬಂತು? ಊರಿಂದ ಮರಳಿ ಬಂದು ನನ್ನ ಡೈರಿ ತೆಗೆದು ನೋಡಿದೆ. ಮುಚ್ಚಳ ಕಟ್ಟಿದ ಅದೇ ಶನಿವಾರ ನಾಲ್ಕೂ ಟೈರಿಗೆ ಗಾಳಿ ತುಂಬಿಸಿದ್ದೆ! ಬಹಳ ದಿನಗಳಿಂದ ತುಂಬಿಸಿರಲಿಲ್ಲ. ಒಂದೇ ದಿನ ಎರಡು ಬದಲಾವಣೆ ಮಾಡಿ, ನನಗೆ ಇಷ್ಟವಾದದ್ದಕ್ಕೆ ಶ್ರೇಯಸ್ಸು ಕೊಟ್ಟಿದ್ದೆ. ಆಫೀಸಿನಲ್ಲಿ ನನ್ನ ಟೀಮಿನವರು ಹೀಗೆ ಮಾಡಿದರೆ ಬಿಡುತ್ತಿರಲಿಲ್ಲ. ಆಮೇಲೆ ಮುಚ್ಚಳವಿಲ್ಲದೆ, ಟೈರು ಸರಿಯಿಟ್ಟುಕೊಂಡು ಮೂರು ಸಲ ಅದೇ ದಾರಿಯಲ್ಲಿ ಹೋದೆ. 18.4, 18.8, 18.5. ಮುಚ್ಚಳ ಏನಾದರೂ ಉಳಿಸಿದ್ದರೂ ಈ ಏರಿಳಿತದಲ್ಲಿ ಕಾಣಿಸದಷ್ಟು.

ಪೆಟ್ರೋಲ್ ಉಳಿಸಬೇಕೆನ್ನುವ ಗೆಳತಿಯರಿಗೆ ನಾನೀಗ ಹೇಳುವುದು ಇಷ್ಟೇ. ಡ್ರೈವರ್ ಬಾಗಿಲಿನ ಹತ್ತಿರದ ಚೀಟಿಯಲ್ಲಿ ಬರೆದಿರುವಷ್ಟು ಗಾಳಿ, ಟೈರು ತಣ್ಣಗಿರುವಾಗ, ತಿಂಗಳಿಗೆ ಎರಡು ಸಲ. ಬೇಡವಾದಾಗ ಮೇಲಿನ ಕ್ಯಾರಿಯರ್ ಬಿಚ್ಚಿಡಿ. ಹೈವೇಯಲ್ಲಿ 100ರ ಬದಲು 80. ಉದ್ದದ ಸಿಗ್ನಲ್ಲಿನಲ್ಲಿ ಎಂಜಿನ್ ಬಂದ್. ಲೆಕ್ಕ ಇಡುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ, ಒಂದೇ ಬಂಕು, ಟ್ಯಾಂಕು ತುಂಬಿಸಿ ಟ್ರಿಪ್ ಮೀಟರ್ ಸೊನ್ನೆ.

ಇನ್ನೊಂದು ಮಾತು. ಆಮೇಲೆ ಕಾರು ತೋರಿಸಲು ಗ್ಯಾರೇಜಿಗೆ ಹೋದಾಗ ಅಲ್ಲಿದ್ದವನು ‘ಸಾಹೇಬರು ಬಂದಿಲ್ಲವಾ?’ ಎಂದ. ತಪ್ಪು ಮಾಡಿದವಳು ನಾನೇ, ಕಂಡುಹಿಡಿದವಳೂ ನಾನೇ ಎಂದೆ. ಬಾನೆಟ್ ಎತ್ತಲು ಹೆದರಬೇಡಿ. ಕೈ ಹಚ್ಚುವ ಮುಂಚೆ ಅಲ್ಲಿರುವ ಪ್ರತಿಯೊಂದು ತೂತು ಯಾಕಿದೆ ಎಂದು ಕೇಳಿಕೊಳ್ಳಿ, ಸಾಕು.

ಮುಚ್ಚಳ ಈಗ ಧಾರವಾಡದ ಮನೆಯ ಹಿತ್ತಲಲ್ಲಿದೆ. ಅವ್ವ ಅದರ ಮೇಲೆ ಸಂಡಿಗೆ ಒಣಗಿಸುತ್ತಾಳೆ. ಕಾರಿನಲ್ಲಿ ಒಂದು ಕತ್ತರಿ ಇಟ್ಟಿದ್ದೇನೆ.