ದಂತ ಚಿಕಿತ್ಸಾಲಯದ ಸಹಾಯಕಿ: ನಮ್ಮ ಹೆಣ್ಣುಮಕ್ಕಳಿಗೆ ಒಂದು ಗೌರವದ ಉದ್ಯೋಗ

(ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಯಾವ ಸಂಘದ ಸಭೆಗೆ ಹೋದರೂ ನಮಗೆ ಎದುರಾಗುವ ಪ್ರಶ್ನೆ ಒಂದೇ: "ಸಿಸ್ಟರ್, ನಮ್ಮ ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸ್ಯಾಳ, ಮುಂದ ಏನ್ ಮಾಡ್ಸೋದು?" ಉತ್ತರ ಸಿಗದಿದ್ದರೆ ಮನೆಯಲ್ಲಿ ಇನ್ನೊಂದು ಮಾತು ಶುರುವಾಗುತ್ತದೆ: "ಸುಮ್ನೆ ಕೂತಾಳ, ಮದುವಿ ಮಾಡಿಬಿಡೋಣು." ಹದಿನೆಂಟು ತುಂಬುವ ಮೊದಲೇ ಈ ಮಾತು ಬರುತ್ತದೆ ಎಂಬುದು ನಮಗೂ ಗೊತ್ತು, ನಿಮಗೂ ಗೊತ್ತು. ಅದಕ್ಕಾಗಿ ಇಂದು ಟೈಲರಿಂಗ್, ಬ್ಯೂಟಿ ಪಾರ್ಲರ್ ಬಿಟ್ಟು ಬೇರೊಂದು ಉದ್ಯೋಗದ ಬಗ್ಗೆ ಮಾತನಾಡೋಣ. ಅದೇ ದಂತ ವೈದ್ಯರ ಸಹಾಯಕಿಯ ಕೆಲಸ. ಇಂಗ್ಲಿಷಿನಲ್ಲಿ ಡೆಂಟಲ್ ಅಸಿಸ್ಟೆಂಟ್ ಅಂತಾರೆ.

"ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ" ಎಂಬ ಗಾದೆ ನಿಮಗೆ ಗೊತ್ತು. ನಮ್ಮ ಸೀಮೆಯಲ್ಲಿ ಹಲ್ಲಿನ ತೊಂದರೆಗೆ ಕಾರಣಗಳು ಹಲವು. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರುಗಳಿವೆ. ಒಂದು ಲೀಟರ್ ಕುಡಿಯುವ ನೀರಿನಲ್ಲಿ ಅದು 1.5 ಮಿಲಿಗ್ರಾಂ ಮೀರಬಾರದು. ಮೀರಿದ ಕಡೆ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಕಲೆ ಕೂರುತ್ತವೆ. ಎಲೆ ಅಡಿಕೆ, ತಂಬಾಕು ಬೇರೆ. ಗುಟ್ಕಾವನ್ನು ರಾಜ್ಯದಲ್ಲಿ 2013ರಲ್ಲೇ ನಿಷೇಧಿಸಿದರೂ ಜಗಿಯುವುದು ನಿಂತಿಲ್ಲ. ಹಿಂದೆ ಹಲ್ಲು ನೋವು ಬಂದರೆ ಲವಂಗ ಇಟ್ಟುಕೊಂಡು ಕೂಡುತ್ತಿದ್ದೆವು. ಈಗ ತಾಲ್ಲೂಕು ಕೇಂದ್ರಗಳಲ್ಲೇ ಹಲ್ಲಿನ ಆಸ್ಪತ್ರೆಗಳು ಬಂದಿವೆ. ವೈದ್ಯರ ಎರಡು ಕೈ ರೋಗಿಯ ಬಾಯಲ್ಲಿರುವಾಗ ಇನ್ನೆರಡು ಕೈ ಪಕ್ಕದಲ್ಲಿ ಬೇಕೇ ಬೇಕು.

ಈ ಕೆಲಸ ಹುಟ್ಟಿದ್ದೇ ಹೆಂಗಸರಿಂದ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಎಡ್ಮಂಡ್ ಕೆಲ್ಸ್ ಎಂಬ ದಂತ ವೈದ್ಯರು 1885ರ ಸುಮಾರಿಗೆ ಒಬ್ಬ ಮಹಿಳೆಯನ್ನು ಸಹಾಯಕಿಯಾಗಿ ಇಟ್ಟುಕೊಂಡರು. ಒಳಗೆ ಒಬ್ಬ ಹೆಂಗಸು ಇದ್ದಾಳೆ ಎಂದು ತಿಳಿದ ಮೇಲೆ ಹೆಣ್ಣುಮಕ್ಕಳು ಧೈರ್ಯವಾಗಿ ಒಬ್ಬರೇ ಬರತೊಡಗಿದರು. ನಮ್ಮಲ್ಲೂ ಅಷ್ಟೇ ಅಲ್ವಾ? ಪರ ಗಂಡಸಿನ ಮುಂದೆ ಬಾಯಿ ತೆರೆದು ಮಲಗಲು ನಾಚಿ, ಎಷ್ಟೋ ತಾಯಂದಿರು ಹುಳುಕು ಹಲ್ಲನ್ನು ವರ್ಷಗಟ್ಟಲೆ ಸಹಿಸುತ್ತಾರೆ. ನಮ್ಮ ಮಾತು ಬಲ್ಲ ಒಬ್ಬ ಹುಡುಗಿ ಅಲ್ಲಿ ನಿಂತಿದ್ದರೆ ಆ ಭಯ ಅರ್ಧ ಕಡಿಮೆ.

ಆಕೆಯ ಕೆಲಸ ಏನು?

ಬೆಳಿಗ್ಗೆ ಕುರ್ಚಿ, ದೀಪ, ಮೇಜು ಒರೆಸಿ ಸಿದ್ಧ ಮಾಡುವುದು. ರೋಗಿಗೆ ಸಕ್ಕರೆ ಕಾಯಿಲೆ, ಬಿ.ಪಿ. ಇದೆಯಾ, ರಕ್ತ ತೆಳುವಾಗುವ ಮಾತ್ರೆ ನುಂಗ್ತಾರಾ, ಗರ್ಭಿಣಿಯಾ ಎಂದು ಕೇಳಿ ಬರೆದಿಡುವುದು. ವೈದ್ಯರ ಮುಂದೆ ಹೇಳದ್ದನ್ನು ಜನ ಈ ಹುಡುಗಿಯ ಮುಂದೆ ಹೇಳುತ್ತಾರೆ, ಮತ್ತು ಆ ಒಂದು ಮಾತು ಜೀವ ಉಳಿಸಬಹುದು. ಚಿಕಿತ್ಸೆಯ ವೇಳೆ ಉಪಕರಣ ಕೈಗೆ ಕೊಡುವುದು, ಬಾಯಿಯ ನೀರು ಎಳೆಯುವ ನಳಿಗೆ ಹಿಡಿಯುವುದು, ಸಿಮೆಂಟ್ ಕಲಸಿ ಕೊಡುವುದು. ವೈದ್ಯರು "16" ಅಂದರೆ ಬಲಗಡೆ ಮೇಲಿನ ಮೊದಲ ದವಡೆ ಹಲ್ಲು, "48" ಅಂದರೆ ಬಲಗಡೆ ಕೆಳಗಿನ ಕೊನೆಯ ಹಲ್ಲು. ಮೊದಲ ಅಂಕಿ ಬಾಯಿಯ ಭಾಗ, ಎರಡನೆಯದು ಹಲ್ಲಿನ ಸ್ಥಾನ. ಮೂವತ್ತೆರಡು ಹಲ್ಲಿನ ಈ ಲೆಕ್ಕ ಒಂದು ವಾರದಲ್ಲಿ ಬರುತ್ತದೆ. ಸಂಘದ ಪುಸ್ತಕ ಬರೆಯುವವರಿಗೆ ಇದೇನು ಕಷ್ಟ!

ಹಲ್ಲು ಕಿತ್ತ ಮೇಲೆ ಹೇಳುವ ಮಾತೂ ಆಕೆಯದೇ: ಹತ್ತಿಯನ್ನು ಅರ್ಧ ಗಂಟೆಯಾದರೂ ಕಚ್ಚಿ ಹಿಡಿಯಿರಿ, ಬಸ್ಸಿನ ಕಿಟಕಿಯಲ್ಲಿ ಉಗುಳುತ್ತಾ ಹೋಗಬೇಡಿ, ಅವತ್ತು ಬಿಸಿ ಚಹಾ ಬೇಡ, ತಂಬಾಕು ಮುಟ್ಟಲೇಬೇಡಿ.

ಇವೆಲ್ಲಕ್ಕಿಂತ ದೊಡ್ಡ ಹೊಣೆ ಶುಚಿತ್ವ. ಒಬ್ಬರ ಬಾಯಿಂದ ಬಂದ ಉಪಕರಣ ಇನ್ನೊಬ್ಬರ ಬಾಯಿಗೆ ಹೋಗುವ ನಡುವೆ ನಿಂತಿರುವವಳು ಈ ಹುಡುಗಿ. ಬರೀ ಬಿಸಿನೀರಲ್ಲಿ ಅದ್ದಿದರೆ ಸಾಲದು. ತೊಳೆದು, ಪೊಟ್ಟಣ ಕಟ್ಟಿ, ಆಟೋಕ್ಲೇವ್ ಎಂಬ ಒತ್ತಡದ ಪಾತ್ರೆಯಲ್ಲಿ 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಯಂತ್ರದವರು ಹೇಳಿದಷ್ಟು ಹೊತ್ತು ಇಡಬೇಕು. ನಮ್ಮ ಕುಕ್ಕರ್‌ನ ಅಣ್ಣ ಅಂತ ತಿಳಿಯಿರಿ. ಅವಸರದಲ್ಲಿ ಹತ್ತು ನಿಮಿಷ ಮೊದಲೇ ತೆಗೆದರೆ ಯಾರಿಗೂ ಕಾಣುವುದಿಲ್ಲ, ಆದರೆ ಕಾಮಾಲೆಯ ಹೆಪಟೈಟಿಸ್ ಬಿ ವೈರಸ್ ದಾಟಿಹೋಗಬಹುದು. ಯಾರೂ ನೋಡದಿದ್ದಾಗಲೂ ಸರಿಯಾಗಿ ಮಾಡುವ ಕೆಲಸ ಇದು. ಇದರ ಗೌರವ ಇರುವುದೂ ಅಲ್ಲೇ.

ಕಸಕ್ಕೂ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಿವೆ. ರಕ್ತದ ಹತ್ತಿ ಹಳದಿ ಚೀಲಕ್ಕೆ, ಕೈಗವಸು ಕೆಂಪಿಗೆ, ಸೂಜಿ ತೂತಾಗದ ಬಿಳಿ ಡಬ್ಬಿಗೆ, ಗಾಜು ನೀಲಿಗೆ.

ಒಂದು ಎಚ್ಚರಿಕೆ. ಸಹಾಯಕಿ ಇಂಜೆಕ್ಷನ್ ಕೊಡುವ ಹಾಗಿಲ್ಲ, ಹಲ್ಲು ಕೀಳುವ ಹಾಗಿಲ್ಲ, ಕೊರೆಯುವ ಹಾಗಿಲ್ಲ. "ನಾನು ಬರೋದು ತಡ, ನೀನೇ ಮಾಡಿಬಿಡು" ಎಂದು ಯಾರೇ ಹೇಳಿದರೂ "ಆಗಲ್ಲ ಸಾರ್" ಅನ್ನಲು ನಮ್ಮ ಮಗಳಿಗೆ ಬರಬೇಕು. ತೊಂದರೆಯಾದರೆ ಸಿಕ್ಕಿಬೀಳುವವಳು ಅವಳೇ.

ಸೇರುವ ದಾರಿ ಯಾವುದು?

ಮೊದಲನೆಯದು ನೇರ ದಾರಿ. ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಓದಿದವರನ್ನು ಎಷ್ಟೋ ವೈದ್ಯರು ಕೆಲಸಕ್ಕೆ ತೆಗೆದುಕೊಂಡು ತಾವೇ ಕಲಿಸುತ್ತಾರೆ. ಶುಲ್ಕವಿಲ್ಲ. ಕಲಿತ ಮೇಲೆ ಅನುಭವ ಪತ್ರ ಬರೆಸಿಕೊಳ್ಳುವುದನ್ನು ಮರೆಯಬಾರದು.

ಎರಡನೆಯದು ಕೌಶಲ್ಯ ತರಬೇತಿ. ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಈ ಕೆಲಸಕ್ಕೆ ಪಠ್ಯವನ್ನು ರೂಪಿಸಿದೆ. ಎಲ್ಲಿ ನಡೆಯುತ್ತಿದೆ, ಎಷ್ಟು ಓದಿರಬೇಕು ಎಂಬುದನ್ನು ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ಕೇಳಿ.

ಮೂರನೆಯದು ಉದ್ದದ ದಾರಿ. ಡೆಂಟಲ್ ಹೈಜೀನಿಸ್ಟ್ ಮತ್ತು ಡೆಂಟಲ್ ಮೆಕ್ಯಾನಿಕ್ ಎಂಬ ಎರಡು ವರ್ಷದ ಕೋರ್ಸುಗಳಿವೆ. ಹೈಜೀನಿಸ್ಟ್ ಹಲ್ಲು ಶುಚಿ ಮಾಡುವವರು, ಮೆಕ್ಯಾನಿಕ್ ಕಟ್ಟುವ ಹಲ್ಲು ತಯಾರಿಸುವವರು. ಇವಕ್ಕೆ ಸಾಮಾನ್ಯವಾಗಿ ವಿಜ್ಞಾನದ ಪಿಯುಸಿ ಬೇಕು. 1948ರ ದಂತ ವೈದ್ಯರ ಕಾಯ್ದೆ ಈ ಇಬ್ಬರಿಗೂ ನೋಂದಣಿ ಇಟ್ಟಿತ್ತು, ಸಹಾಯಕಿಗೆ ಇಟ್ಟಿರಲಿಲ್ಲ. ಆ ಕಾಯ್ದೆಯ ಜಾಗಕ್ಕೆಂದು ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಒಪ್ಪಿದೆ. ನಮಗೆ ಹತ್ತಿರದ ದಂತ ಕಾಲೇಜುಗಳೆಂದರೆ ದಾವಣಗೆರೆಯಲ್ಲಿ 1979ರಲ್ಲಿ ಶುರುವಾದ ಬಾಪೂಜಿ ದಂತ ಕಾಲೇಜು, ಅದೇ ಊರಿನ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್, ಮತ್ತು ಬಳ್ಳಾರಿಯ ಸರ್ಕಾರಿ ದಂತ ಕಾಲೇಜು. ಹರಪನಹಳ್ಳಿಯವರಿಗೆ ದಾವಣಗೆರೆ ಹತ್ತಿರ. ಒಂದು ದಿನ ಹೋಗಿ ವಿಚಾರಿಸಿ ಬನ್ನಿ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚೂ ಹಗುರಾಗಿದೆ.

ಹತ್ತನೇ ತರಗತಿ ಮುಗಿಸದೆ ಶಾಲೆ ಬಿಟ್ಟವರು ನಿರಾಶರಾಗಬೇಡಿ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಮನೆಯಲ್ಲಿದ್ದೇ ಓದಿ ಪರೀಕ್ಷೆ ಕಟ್ಟಬಹುದು. ವಯಸ್ಸು ಮೀರಿತು ಎಂಬ ಚಿಂತೆ ಬೇಡ. ಮೂವತ್ತು ದಾಟಿದ, ಮಕ್ಕಳನ್ನು ಶಾಲೆಗೆ ಕಳಿಸಿ ಕೈ ಖಾಲಿಯಾದ ತಾಯಂದಿರಿಗೂ ಈ ಕೆಲಸ ಹೊಂದುತ್ತದೆ.

ಸಾಲ ಕೊಡುವ ಮೊದಲು ಕೇಳಿ

ಈಗ ಮುಖ್ಯ ಮಾತು. ಗೋಡೆಗೆ ಅಂಟಿಸಿದ "ನೂರಕ್ಕೆ ನೂರು ಉದ್ಯೋಗ ಗ್ಯಾರಂಟಿ" ಪೋಸ್ಟರ್ ನೋಡಿ ಸಂಘದ ಸಾಲ ತೆಗೆದು ಶುಲ್ಕ ಕಟ್ಟುವವರಿದ್ದಾರೆ. ಅದು ಹತ್ತು ಹೆಂಗಸರು ವಾರ ವಾರ ಕಟ್ಟಿದ ದುಡ್ಡು. ಸಭೆಯಲ್ಲಿ ಸಾಲ ಮಂಜೂರು ಮಾಡುವ ಮೊದಲು ಈ ಐದು ಪ್ರಶ್ನೆ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.

1. ಪ್ರಮಾಣಪತ್ರ ಕೊಡುವವರು ಯಾರು? ಸರ್ಕಾರದ ಮಾನ್ಯತೆಯ ಕಾಗದ ತೋರಿಸ್ತಾರಾ?
2. ನಿಜವಾದ ಕುರ್ಚಿಯ ಪಕ್ಕ, ನಿಜವಾದ ದಂತ ವೈದ್ಯರ ಹತ್ತಿರ ಎಷ್ಟು ದಿನ ಕಲಿಸ್ತಾರೆ?
3. ಶುಲ್ಕ ಕಂತಿನಲ್ಲಿ ಕಟ್ಟಬಹುದಾ? ರಸೀದಿ ಕೊಡ್ತಾರಾ?
4. ಹೋದ ವರ್ಷ ಕಲಿತ ಹುಡುಗಿಯರು ಈಗ ಎಲ್ಲಿ ಕೆಲಸ ಮಾಡ್ತಾರೆ? ಇಬ್ಬರ ಹತ್ತಿರ ನಾವೇ ಮಾತಾಡಬಹುದಾ?
5. ಇದೇ ಕೆಲಸವನ್ನು ನಮ್ಮ ತಾಲ್ಲೂಕಿನ ಕ್ಲಿನಿಕ್ಕಿನಲ್ಲಿ ದುಡ್ಡಿಲ್ಲದೆ ಕಲಿಯಲು ಆಗುತ್ತಾ?

ಐದನೆಯ ಪ್ರಶ್ನೆಗೆ "ಹೌದು" ಎಂದು ಉತ್ತರ ಬಂದರೆ ಸಾಲವೇ ಬೇಡ.

ಕೆಲಸ ಸಿಕ್ಕ ಮೇಲೂ ಕೇಳಬೇಕಾದದ್ದಿದೆ. ಶುರುವಿನ ಸಂಬಳ ದೊಡ್ಡದಿರುವುದಿಲ್ಲ, ಸುಳ್ಳು ಹೇಳುವುದಿಲ್ಲ. ಕನಿಷ್ಠ ವೇತನ ಎಷ್ಟೆಂದು ಕಾರ್ಮಿಕ ಇಲಾಖೆಯಲ್ಲಿ ತಿಳಿದುಕೊಳ್ಳಿ. ರೂಮು ಬಾಡಿಗೆ, ಊಟ ಕಳೆದು ಉಳಿಯುವುದೆಷ್ಟು ಎಂದು ಮನೆಯಲ್ಲೇ ಲೆಕ್ಕ ಹಾಕಿ. ಕೆಲಸಕ್ಕೆ ಸೇರುವಾಗಲೇ ಹೆಪಟೈಟಿಸ್ ಬಿ ಲಸಿಕೆ ಶುರು ಮಾಡಿಸಬೇಕು: ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಸೂಜಿ ಚುಚ್ಚಿದರೆ ಮುಚ್ಚಿಡಬಾರದು. ಸೋಪು ನೀರಿನಲ್ಲಿ ತೊಳೆದು ಕೂಡಲೇ ವೈದ್ಯರಿಗೆ ಹೇಳಬೇಕು. ಎಚ್.ಐ.ವಿ. ತಡೆಯುವ ಮಾತ್ರೆ ಬೇಕಾದರೆ 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಯಾರಾದರೂ ಲೈಂಗಿಕ ಕಿರುಕುಳ ಕೊಟ್ಟರೆ 2013ರ ಕಾಯ್ದೆ ಇದೆ. ಹತ್ತಕ್ಕಿಂತ ಕಡಿಮೆ ಜನ ಕೆಲಸ ಮಾಡುವ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬಹುದು. "ಮಾನ ಹೋಗ್ತತಿ" ಎಂದು ಮಗಳ ಬಾಯಿ ಮುಚ್ಚಿಸಬೇಡಿ. ಸಂಘ ಅವಳ ಬೆನ್ನಿಗೆ ನಿಲ್ಲಲಿ.

ಊರಿಗೆ ಹೋದ ಮೇಲೆ ಮೂರು ಕೆಲಸ ಮಾಡೋಣ. ಸಂಘದಲ್ಲಿ ಎಸ್ಸೆಸ್ಸೆಲ್ಸಿ ದಾಟಿ ಮನೆಯಲ್ಲಿ ಕೂತಿರುವ ಹುಡುಗಿಯರ ಪಟ್ಟಿ ಮಾಡೋಣ. ಆಸಕ್ತಿ ಇದ್ದವರನ್ನು ತಾಲ್ಲೂಕಿನ ದಂತ ವೈದ್ಯರ ಅನುಮತಿ ಕೇಳಿ ಒಂದು ದಿನ ಕೆಲಸ ನೋಡಲು ಕಳಿಸೋಣ. ರಕ್ತ ನೋಡಿ ತಲೆ ತಿರುಗುತ್ತಾ, ದಿನವಿಡೀ ನಿಲ್ಲಲು ಆಗುತ್ತಾ ಎಂಬುದು ಅಂದೇ ತಿಳಿಯುತ್ತದೆ. ಆ ಮೇಲೆ ಮುಂದಿನ ಸಭೆಯಲ್ಲಿ ಹುಡುಗಿಯನ್ನೇ ಕೂರಿಸಿ ಕೇಳೋಣ, "ನಿನಗ ಇಷ್ಟ ಐತೇನವ್ವಾ?" ಆಕೆಯ ಬದುಕಿನ ತೀರ್ಮಾನದಲ್ಲಿ ಆಕೆಯ ಮಾತು ಮೊದಲು ಬರಲಿ.