ಹಿರಿಯರ ಮಾತು, ಹಿರಿಯರ ಮರೆವು
ಅರವತ್ತಕ್ಕೆ ಅರಳು ಮರಳು ಎಂದು ಮನೆಯ ಹಿರಿಯರನ್ನು ನೀವೂ ಹಾಸ್ಯ ಮಾಡಿರಬಹುದು. 1949ರಲ್ಲಿ ಆರಂಭವಾದ ನಮ್ಮ ರಾಜಾಜಿನಗರದಲ್ಲಿ ಈಗ ಅಜ್ಜ-ಅಜ್ಜಿಯರಿಗೆ ಬರವಿಲ್ಲ. ಅಡಿಗೆಮನೆಯಲ್ಲಿ ಅಜ್ಜಿ, "ಅದೇ ಕಣಮ್ಮ, ಬಿಸಿಪಾತ್ರೆ ಹಿಡಿಯೋದು" ಎಂದು ತಡವರಿಸುತ್ತಾರೆ. ವಸ್ತುವಿನ ಉಪಯೋಗ ಅವರಿಗೆ ಚೆನ್ನಾಗಿ ಗೊತ್ತು; ಅರ್ಥದಿಂದ ಹೆಸರಿನ ಧ್ವನಿಗೆ ಹೋಗುವ ದಾರಿ ಮಾತ್ರ ನಿಧಾನವಾಗಿದೆ. ನೀವು "ಇ" ಎಂದರೆ ಸಾಕು, "ಇಕ್ಕಳ" ಎಂದುಬಿಡುತ್ತಾರೆ. ಆರೋಗ್ಯವಂತರ ಮುಪ್ಪಿನಲ್ಲಿಯೂ ಇದು ಸಹಜ. ಕಲಿತ ಶಬ್ದಭಂಡಾರ ಬಹುಕಾಲ ಕುಂದದು. ಆದರೆ ಇಕ್ಕಳ ಯಾವುದಕ್ಕೆಂಬುದೇ ತಿಳಿಯದಾದರೆ, ಪರಿಚಯದ ಬೀದಿಯಲ್ಲೇ ದಾರಿ ತಪ್ಪಿದರೆ, ತಡಮಾಡದೆ ವೈದ್ಯರಿಗೆ ತೋರಿಸಬೇಕು. ನೆನಪನ್ನು ಅಳೆಯಲು ಪರೀಕ್ಷೆಗಳುಂಟು. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳಬಲ್ಲರೆಂದು ಎಣಿಸುವುದು ಅವುಗಳಲ್ಲೊಂದು. ಹಿರಿಯರು ತಡವರಿಸಿದಾಗ ನಗುವ ಬದಲು ಮೊದಲಕ್ಷರ ಹೇಳಿಕೊಡಿ. ನಗೆಗೆ ಅಂಜಿ ಅವರು ಮಾತನ್ನೇ ಬಿಡದಿರಲಿ.